ಮರಳುಗಲ್ಲಿನೊಳಗಿನ ಎಣ್ಣೆ: ಕಂಪನದ ಅಲೆ ಎಷ್ಟು ಹೇಳಬಲ್ಲದು?

ಆಳ ಸಮುದ್ರದಲ್ಲಿ ಒಂದು ತೈಲಬಾವಿ ಕೊರೆಯಲು ಇಂದು ನೂರಾರು ಕೋಟಿ ರೂಪಾಯಿ ಬೇಕು. ಅಷ್ಟು ಹಣ ಸುರಿದು ಕೊರೆದ ಬಾವಿ ನಿಕ್ಷೇಪವನ್ನು ಮುಟ್ಟುವ ಹೊತ್ತಿಗೆ ಅದರ ಅಗಲ ಸುಮಾರು ಒಂದು ಗೇಣು ಮಾತ್ರ. ನಿಕ್ಷೇಪವಾದರೋ ಹತ್ತಾರು ಚದರ ಕಿಲೋಮೀಟರ್ ಹರಡಿರುತ್ತದೆ. ಬಾವಿ ಇರುವಲ್ಲಿ ಮರಳುಗಲ್ಲು ಎಷ್ಟು ದಪ್ಪ, ಅದರಲ್ಲಿ ರಂಧ್ರಗಳ ಪಾಲೆಷ್ಟು, ರಂಧ್ರಗಳಲ್ಲಿ ಇರುವುದು ಎಣ್ಣೆಯೋ ಅನಿಲವೋ ಉಪ್ಪುನೀರೋ ಎಂಬುದನ್ನು ಉಪಕರಣ ಇಳಿಸಿ ತಿಳಿಯಬಹುದು. ಎರಡು ಬಾವಿಗಳ ನಡುವಿನ ಕಿಲೋಮೀಟರುಗಟ್ಟಲೆ ಜಾಗದಲ್ಲಿ ಏನಿದೆ ಎಂದು ಹೇಳಲು ನಮ್ಮ ಕೈಯಲ್ಲಿರುವ ಮುಖ್ಯ ಸಾಧನ ಒಂದೇ: ಮೇಲಿನಿಂದ ಕಳುಹಿಸಿದ ಕಂಪನ ಕೆಳಗಿನ ಪದರಗಳಿಗೆ ಬಡಿದು ಮರಳಿ ತರುವ ಪ್ರತಿಧ್ವನಿ.

ಆ ಪ್ರತಿಧ್ವನಿಯಿಂದ ಪದರಗಳ ಆಕಾರ ತಿಳಿಯುತ್ತದೆ ಎಂಬ ಬಗ್ಗೆ ಈಗ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ರಂಧ್ರತೆ, ಜೇಡಿಯ ಪ್ರಮಾಣ, ಒಳಗಿನ ದ್ರವ, ಆ ದ್ರವವನ್ನು ಹರಿಯಗೊಡುವ ಗುಣ, ಇವನ್ನೆಲ್ಲ ಬಾವಿ ಕೊರೆಯುವ ಮೊದಲೇ ಸಂಖ್ಯೆಯಲ್ಲಿ ಹೇಳಬಹುದೇ? ಅರ್ಧ ಶತಮಾನದಿಂದ ಇದಕ್ಕೆ ಬೇರೆ ಬೇರೆ ಪಂಥಗಳು ಬೇರೆ ಬೇರೆ ಉತ್ತರ ಕೊಡುತ್ತ ಬಂದಿವೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಸೀಸ್ಮಿಕ್ ದತ್ತಾಂಶ, ಅಂದರೆ ಆ ಪ್ರತಿಧ್ವನಿಗಳ ದಾಖಲೆ, ಸಾಧ್ಯವಿರುವ ಅನೇಕ ಉತ್ತರಗಳಲ್ಲಿ ಕೆಲವನ್ನು ತಳ್ಳಿಹಾಕುತ್ತದೆ. ಉಳಿದವುಗಳಲ್ಲಿ ಒಂದನ್ನು ಆರಿಸುವುದು ನಾವು ಮೊದಲೇ ಹೊಂದಿರುವ ತಿಳಿವಳಿಕೆ. ಆ ಪೂರ್ವಜ್ಞಾನವನ್ನು ಎಲ್ಲಿಂದ ತರಬೇಕು ಎಂಬುದೇ ಪಂಥಗಳ ನಡುವಿನ ನಿಜವಾದ ಜಗಳ. ಇಲ್ಲಿನ ಚರ್ಚೆ ಮರಳುಗಲ್ಲಿಗೆ ಸೀಮಿತ. ಮುಂಬೈ ಹೈಯ ಮುಖ್ಯ ನಿಕ್ಷೇಪದಂಥ ಸುಣ್ಣಕಲ್ಲುಗಳ ರಂಧ್ರಗಳು ಬೇರೆಯೇ ಬಗೆಯವು, ಅವಕ್ಕೆ ಬೇರೆ ಲೆಕ್ಕ ಬೇಕು.

ಆಕಾರದಿಂದ ಗುಣದ ಕಡೆಗೆ

1921ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಕ್ಲಾರೆನ್ಸ್ ಕಾರ್ಚರ್ ಮತ್ತು ಸಂಗಡಿಗರು ಪ್ರತಿಫಲನ ವಿಧಾನವನ್ನು ನೆಲದ ಮೇಲೆ ಪರೀಕ್ಷಿಸಿದರು. ಮುಂದಿನ ನಾಲ್ಕು ದಶಕ ಅದು ಬಳಕೆಯಾದದ್ದು ಬಹುತೇಕ ರಚನೆಗಳನ್ನು ಹುಡುಕಲು: ಪದರಗಳು ಎಲ್ಲಿ ಕಮಾನಿನಂತೆ ಬಾಗಿವೆ, ಎಲ್ಲಿ ಸ್ತರಭಂಗವಿದೆ. ಮರಳಿ ಬಂದ ಅಲೆಯ ಸಮಯ ಮುಖ್ಯವಾಗಿತ್ತು, ಅದರ ಬಲಕ್ಕೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಬಲವನ್ನು ನಂಬುವಂತೆ ದಾಖಲಿಸುವ ಡಿಜಿಟಲ್ ಯಂತ್ರಗಳು ಬಂದದ್ದು 1960ರ ದಶಕದಲ್ಲಿ. ಆ ದಶಕದ ಕೊನೆಗೆ ಮೆಕ್ಸಿಕೋ ಕೊಲ್ಲಿಯಲ್ಲಿ ಕೆಲಸ ಮಾಡುತ್ತಿದ್ದ ಶೆಲ್ ಕಂಪನಿಯ ಮೈಕ್ ಫಾರೆಸ್ಟ್ ಮತ್ತಿತರರು, ಅನಿಲವಿರುವ ಮರಳಿನ ಮೇಲ್ಭಾಗದಿಂದ ಬರುವ ಪ್ರತಿಫಲನ ಸುತ್ತಲಿನದಕ್ಕಿಂತ ಎದ್ದು ಕಾಣುತ್ತದೆಂದು ಗುರುತಿಸಿದರು. ಅದಕ್ಕೆ ‘ಬ್ರೈಟ್ ಸ್ಪಾಟ್’ ಎಂಬ ಹೆಸರು ನಿಂತಿತು. ಕಾರಣ ಸರಳ. ಅಲೆಯ ವೇಗವನ್ನು ಕಲ್ಲಿನ ಸಾಂದ್ರತೆಯಿಂದ ಗುಣಿಸಿದರೆ ಸಿಗುವ ಇಂಪೀಡೆನ್ಸ್ ಎರಡು ಪದರಗಳ ನಡುವೆ ಎಷ್ಟು ಬದಲಾಗುತ್ತದೋ ಅಷ್ಟು ಬಲವಾಗಿ ಅಲೆ ಮರಳುತ್ತದೆ. ಸಡಿಲ ಮರಳಿನ ರಂಧ್ರದಲ್ಲಿ ನೀರಿನ ಬದಲು ಅನಿಲ ಸೇರಿದರೆ ವೇಗ, ಸಾಂದ್ರತೆ ಎರಡೂ ಇಳಿಯುತ್ತವೆ.

ನೆಲದಡಿಯ ಅನಿಲವನ್ನು ನೇರವಾಗಿ ಕಾಣುವ ಕಣ್ಣು ಸಿಕ್ಕಿತೆಂಬ ಉತ್ಸಾಹ ಬಹುಕಾಲ ಉಳಿಯಲಿಲ್ಲ. 1976ರಲ್ಲಿ ಡೊಮೆನಿಕೊ ಪ್ರಕಟಿಸಿದ ಅಧ್ಯಯನ ಅದರ ಮಿತಿಯನ್ನು ತೋರಿಸಿತು. ನೀರು ಮತ್ತು ಅನಿಲದ ಮಿಶ್ರಣ ಎಷ್ಟು ಗಡುಸು ಎಂಬುದನ್ನು ಅತಿ ಮೆದುವಾದ ಅಂಶವೇ ನಿರ್ಧರಿಸುತ್ತದೆ. ನೀರಿನ ಗಡುಸು 2.3 ಗಿಗಾಪ್ಯಾಸ್ಕಲ್, ಅನಿಲದ್ದು 0.05 ಎಂದಿಟ್ಟುಕೊಂಡರೆ, ರಂಧ್ರದಲ್ಲಿ ಬರೀ ಶೇ 5ರಷ್ಟು ಅನಿಲ ಸೇರಿದಾಗಲೇ ಮಿಶ್ರಣದ ಗಡುಸು ನೀರಿನದರ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬೀಳುತ್ತದೆ. ಅಂದರೆ ಲಾಭ ತರುವ ಶೇ 80ರ ಅನಿಲಕ್ಕೂ ಏನೂ ತಾರದ ಶೇ 5ರ ಅನಿಲಕ್ಕೂ ಅಲೆಯ ವೇಗ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತದೆ. ಸಾಂದ್ರತೆ ಮಾತ್ರ ಅನಿಲದ ಪ್ರಮಾಣಕ್ಕೆ ತಕ್ಕಂತೆ ಸಮವಾಗಿ ಇಳಿಯುತ್ತದೆ. ಆದರೆ ಅಲೆಯಿಂದ ಸಾಂದ್ರತೆಯನ್ನು ಬೇರ್ಪಡಿಸಿ ತೆಗೆಯುವುದೇ ಎಲ್ಲಕ್ಕಿಂತ ಕಷ್ಟ.

ಮುಂದಿನ ದೊಡ್ಡ ಹೆಜ್ಜೆ 1984ರದು. ಅಲೆ ಪದರಕ್ಕೆ ನೆಟ್ಟಗೆ ಬಡಿದಾಗ ಒಂದು ಬಲ, ಓರೆಯಾಗಿ ಬಡಿದಾಗ ಇನ್ನೊಂದು ಬಲ ಮರಳುತ್ತದೆಂಬುದು 1919ರಲ್ಲಿ ಪ್ರಕಟವಾದ ಜೋಪ್ರಿಟ್ಜ್ ಸಮೀಕರಣಗಳಲ್ಲೇ ಇತ್ತು. ಅನಿಲವಿರುವ ಮರಳಿನಲ್ಲಿ ಈ ವ್ಯತ್ಯಾಸಕ್ಕೆ ತನ್ನದೇ ಗುರುತಿದೆ ಎಂದು ಆಸ್ಟ್ರಾಂಡರ್ ಕ್ಷೇತ್ರದ ದತ್ತಾಂಶದಿಂದ ತೋರಿಸಿದರು. ಕಲ್ಲನ್ನು ಅಮುಕುತ್ತ ಸಾಗುವ ಪಿ-ಅಲೆಗೆ ರಂಧ್ರದ ದ್ರವ ತಾಗುತ್ತದೆ, ಅಡ್ಡಲಾಗಿ ಅಲುಗಿಸುವ ಎಸ್-ಅಲೆಗೆ ಹೆಚ್ಚುಕಡಿಮೆ ತಾಗುವುದಿಲ್ಲ. ಕೋನಕ್ಕೆ ತಕ್ಕಂತೆ ಬಲ ಬದಲಾಗುವ ರೀತಿಯಲ್ಲಿ ಈ ಎರಡರ ನಿಷ್ಪತ್ತಿ ಅಡಗಿದೆ. 1989ರಲ್ಲಿ ರುದರ್‌ಫೋರ್ಡ್ ಮತ್ತು ವಿಲಿಯಮ್ಸ್ ಅನಿಲ ಮರಳುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದಾಗ, ‘ಬ್ರೈಟ್ ಸ್ಪಾಟ್’ ಆಗಿ ಬೆಳಗುವುದು ಅವುಗಳಲ್ಲಿ ಒಂದು ವರ್ಗ ಮಾತ್ರ ಎಂಬುದು ಸ್ಪಷ್ಟವಾಯಿತು. ಗಟ್ಟಿ ಮರಳುಗಲ್ಲಿನಲ್ಲಿ ಅನಿಲ ಸೇರಿದರೆ ಪ್ರತಿಫಲನ ಮಂಕಾಗಲೂಬಹುದು.

ಕಲ್ಲಿನ ಭೌತಶಾಸ್ತ್ರವನ್ನು ನಂಬುವವರು

ಮೊದಲ ಪಂಥದ ನಿಲುವು ನೇರ. ಅಲೆಗೆ ತಿಳಿಯುವುದು ಗಡುಸು ಮತ್ತು ಸಾಂದ್ರತೆ, ನಮಗೆ ಬೇಕಾದ್ದು ರಂಧ್ರತೆ ಮತ್ತು ದ್ರವ. ಹಾಗಾಗಿ ಇವೆರಡರ ನಡುವಿನ ಸೇತುವೆಯನ್ನು ಮೊದಲು ಪ್ರಯೋಗಾಲಯದಲ್ಲಿ ಕಟ್ಟಬೇಕು. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಗಾಸ್‌ಮನ್ 1951ರಲ್ಲಿ ಕೊಟ್ಟ ಸಮೀಕರಣ ಇಂದಿಗೂ ಈ ಪಂಥದ ಅಡಿಪಾಯ. ಒಂದು ದ್ರವ ತುಂಬಿದ ಕಲ್ಲಿನ ವೇಗ ಗೊತ್ತಿದ್ದರೆ, ಅದೇ ಕಲ್ಲಿನಲ್ಲಿ ಬೇರೆ ದ್ರವ ತುಂಬಿದಾಗ ಎಷ್ಟಾಗುತ್ತದೆಂದು ಅದು ಲೆಕ್ಕ ಹಾಕಿಕೊಡುತ್ತದೆ. ಅದರ ಷರತ್ತುಗಳೂ ಅಷ್ಟೇ ಮುಖ್ಯ: ರಂಧ್ರಗಳು ಒಂದಕ್ಕೊಂದು ಸೇರಿರಬೇಕು, ಅಲೆ ನಿಧಾನವಾಗಿ ಅಮುಕಬೇಕು, ಖನಿಜ ಒಂದೇ ಬಗೆಯದಾಗಿರಬೇಕು. ಶುದ್ಧ ಮರಳುಗಲ್ಲಿಗೆ ಇವು ಸಾಕಷ್ಟು ಒಪ್ಪುತ್ತವೆ, ಜೇಡಿ ಬೆರೆತಷ್ಟೂ ಸಡಿಲವಾಗುತ್ತವೆ.

ಆ ಜೇಡಿಯ ಪ್ರಶ್ನೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಡೆ-ಹುವಾ ಹಾನ್, ಅಮೋಸ್ ನೂರ್ ಮತ್ತು ಡೇಲ್ ಮಾರ್ಗನ್ 1986ರಲ್ಲಿ ಉತ್ತರ ಕೊಟ್ಟರು. 75 ಮರಳುಗಲ್ಲಿನ ಮಾದರಿಗಳನ್ನು ಒತ್ತಡದಲ್ಲಿಟ್ಟು ಅಳೆದ ಅವರ ಸೂತ್ರದ ಪ್ರಕಾರ, 40 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ ನೀರು ತುಂಬಿದ ಕಲ್ಲಿನ ಪಿ-ಅಲೆಯ ವೇಗ ಸೆಕೆಂಡಿಗೆ 5.59 ಕಿಲೋಮೀಟರಿನಿಂದ ಆರಂಭವಾಗಿ, ರಂಧ್ರತೆಯ 6.93 ಪಟ್ಟು ಮತ್ತು ಜೇಡಿಯ 2.18 ಪಟ್ಟು ಇಳಿಯುತ್ತದೆ. ಈ ಸೂತ್ರದ ಸೊಬಗೂ ತೊಡಕೂ ಒಂದೇ ಕಡೆ ಇವೆ. ಶೇ 20 ರಂಧ್ರತೆಯ, ಜೇಡಿಯೇ ಇಲ್ಲದ ಮರಳುಗಲ್ಲಿಗೆ ಲೆಕ್ಕ ಹಾಕಿದರೆ 4.20 ಕಿಲೋಮೀಟರ್ ಬರುತ್ತದೆ. ಶೇ 15 ರಂಧ್ರತೆ, ಶೇ 16 ಜೇಡಿ ಇರುವ ಕಲ್ಲಿಗೂ 4.20 ಕಿಲೋಮೀಟರೇ ಬರುತ್ತದೆ. ಮೊದಲನೆಯದು ಒಳ್ಳೆಯ ನಿಕ್ಷೇಪ, ಎರಡನೆಯದು ಅನುಮಾನದ್ದು. ವೇಗವೊಂದನ್ನೇ ಹಿಡಿದು ಇವನ್ನು ಬೇರ್ಪಡಿಸಲಾಗದು. ಅಲೆಯನ್ನು ಎಷ್ಟು ಚೆನ್ನಾಗಿ ದಾಖಲಿಸಿದರೂ ಈ ತೊಡಕು ಹೋಗುವುದಿಲ್ಲ, ಏಕೆಂದರೆ ಅದು ಇರುವುದು ಕಲ್ಲಿನಲ್ಲೇ.

ಇದಕ್ಕೆ ಪಂಥದ ಉತ್ತರ: ಕಲ್ಲು ಹೇಗೆ ಹುಟ್ಟಿತೆಂದು ಗೊತ್ತಿದ್ದರೆ ಸಾಧ್ಯತೆಗಳು ತಾವಾಗಿಯೇ ಕಡಿಮೆಯಾಗುತ್ತವೆ. 1996ರಲ್ಲಿ ಜ್ಯಾಕ್ ಡ್ವೋರ್ಕಿನ್ ಮತ್ತು ನೂರ್ ಉತ್ತರ ಸಮುದ್ರದ ಎರಡು ಕ್ಷೇತ್ರಗಳ ಮರಳುಗಲ್ಲುಗಳನ್ನು ಹೋಲಿಸಿದರು. ಓಸೆಬರ್ಗ್‌ನಲ್ಲಿ ಕಣಗಳು ಪರಸ್ಪರ ತಾಗುವ ಕಡೆ ಸ್ವಲ್ಪ ಖನಿಜದ ಅಂಟು ಕೂತಿತ್ತು, ಟ್ರೋಲ್‌ನಲ್ಲಿ ಇರಲಿಲ್ಲ. ರಂಧ್ರತೆ ಹತ್ತಿರಹತ್ತಿರವಿದ್ದರೂ ಅಂಟಿದ ಕಲ್ಲಿನಲ್ಲಿ ವೇಗ ಬಹಳ ಹೆಚ್ಚು, ಮತ್ತು ಗಡುಸಾದ ಕಲ್ಲಿನಲ್ಲಿ ದ್ರವದ ಪ್ರಭಾವ ಮಸುಕಾಗುತ್ತದೆ. ಒಂದು ಕ್ಷೇತ್ರದ ಸೂತ್ರವನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಕಡೆ ತಪ್ಪಾಗುತ್ತದೆ. ಪೆರ್ ಆವ್‌ಸೆತ್, ತಪನ್ ಮುಖರ್ಜಿ ಮತ್ತು ಗ್ಯಾರಿ ಮಾವ್ಕೊ 2005ರಲ್ಲಿ ಪ್ರಕಟಿಸಿದ ಗ್ರಂಥ ಈ ಆಲೋಚನೆಯನ್ನು ಒಂದು ಪದ್ಧತಿಯಾಗಿ ಬೆಳೆಸಿತು: ನಿಕ್ಷೇಪದ ಭೂವೈಜ್ಞಾನಿಕ ಚರಿತ್ರೆಯನ್ನು ಮೊದಲು ಬರೆಯಿರಿ, ಅದಕ್ಕೆ ಒಪ್ಪುವ ಕಲ್ಲಿನ ಮಾದರಿಯನ್ನು ಆರಿಸಿ, ಆಮೇಲೆ ಅಲೆಯನ್ನು ಓದಿ. ನನಗೆ ಇದು ಈ ಇಡೀ ವಿಜ್ಞಾನಶಾಖೆಯ ಅತ್ಯಂತ ಫಲವತ್ತಾದ ವಿಚಾರ ಅನಿಸುತ್ತದೆ. ಅಪರಿಚಿತ ಜಾಗದಲ್ಲಿಯೂ, ಬಾವಿಗಳು ಇಲ್ಲದಿರುವಾಗಲೂ, ಇದು ಕಾರಣ ಸಹಿತವಾಗಿ ಏನಾದರೂ ಹೇಳಬಲ್ಲದು. ಅದರ ದೌರ್ಬಲ್ಯವೂ ಚಿಕ್ಕದಲ್ಲ. ಮಾದರಿಯ ಆಯ್ಕೆ ತಜ್ಞರ ವಿವೇಚನೆಗೆ ಬಿಟ್ಟದ್ದು, ಮತ್ತು ತಜ್ಞರು ತಮ್ಮ ವಿವೇಚನೆಯ ತಪ್ಪಿನ ಅಂಚನ್ನು ಸಂಖ್ಯೆಯಲ್ಲಿ ಹೇಳುವುದು ಅಪರೂಪ.

ಹಿಮ್ಮುಖ ಲೆಕ್ಕ ಮತ್ತು ಸಂಭವನೀಯತೆ

ಎರಡನೇ ಪಂಥ ಹಿಡಿದದ್ದು ಇದೇ ತಪ್ಪಿನ ಅಂಚನ್ನು. ಪ್ರತಿಫಲನದಿಂದ ಹಿಂದಕ್ಕೆ ನಡೆದು ಇಂಪೀಡೆನ್ಸ್ ಪಡೆಯುವ ಹಿಮ್ಮುಖ ಲೆಕ್ಕವನ್ನು ಉದ್ಯಮಕ್ಕೆ ಪರಿಚಯಿಸಿದವರಲ್ಲಿ ಕೆನಡಾದ ರಾಯ್ ಲಿಂಡ್‌ಸೆತ್ ಪ್ರಮುಖರು. ಅವರ ಪ್ರಬಂಧ ಬಂದದ್ದು 1979ರಲ್ಲಿ. ಆ ಲೆಕ್ಕ ಕೊಡುವ ಬಣ್ಣಬಣ್ಣದ ಚಿತ್ರಗಳು ನಿಕ್ಷೇಪವನ್ನೇ ಕಂಡಂತೆ ಭಾಸವಾಗಿಸುತ್ತವೆ, ಹಾಗಾಗಿ ಅವುಗಳೊಳಗೆ ಏನು ತುಂಬಿದೆ ಎಂದು ಕೇಳುವುದು ಅಗತ್ಯ. ಮೊದಲ ಮಿತಿ ಕಂಪನಾಂಕದ ಮೇಲಿನ ತುದಿಯಲ್ಲಿದೆ. ಸೆಕೆಂಡಿಗೆ 3,000 ಮೀಟರ್ ಸಾಗುವ, 30 ಹರ್ಟ್ಸ್‌ನ ಅಲೆಯ ಉದ್ದ 100 ಮೀಟರ್. ಅದರ ಕಾಲುಭಾಗಕ್ಕಿಂತ, ಅಂದರೆ 25 ಮೀಟರಿಗಿಂತ ತೆಳುವಾದ ಪದರದ ತಲೆ ಮತ್ತು ತಳ ಬೇರೆಯಾಗಿ ಕಾಣುವುದಿಲ್ಲ. ಬಾವಿಯೊಳಗಿನ ಉಪಕರಣವಾದರೋ ಸುಮಾರು 15 ಸೆಂಟಿಮೀಟರಿಗೊಂದು ಅಳತೆ ಬರೆಯುತ್ತದೆ. ಎರಡನೇ ಮಿತಿ ಕೆಳತುದಿಯಲ್ಲಿದೆ, ಅದರ ಮಾತು ಕಡಿಮೆ ಕೇಳಿಬರುತ್ತದೆ. ಸಾಮಾನ್ಯ ಸರ್ವೆಗಳಲ್ಲಿ ಕೆಲವು ಹರ್ಟ್ಸ್‌ಗಿಂತ ಕೆಳಗಿನ ಕಂಪನ ದಾಖಲಾಗುವುದೇ ಇಲ್ಲ. ಇಂಪೀಡೆನ್ಸಿನ ನಿಜವಾದ ಮಟ್ಟ ಇರುವುದು ಅಲ್ಲೇ. ಆ ಖಾಲಿಯನ್ನು ಬಾವಿಗಳ ಅಳತೆಯನ್ನು ನಡುವೆ ಎಳೆದು ತುಂಬುತ್ತಾರೆ. ಅಂದಮೇಲೆ ಅಂತಿಮ ನಕ್ಷೆಯಲ್ಲಿ ಬಾವಿಗೂ ಸೀಸ್ಮಿಕ್‌ಗೂ ಇರುವ ಹೊಂದಾಣಿಕೆಯ ಒಂದು ಪಾಲು ಬಾವಿಯಿಂದಲೇ ಬಂದದ್ದು. ಅದನ್ನು ಅಲೆಯ ಸಾಕ್ಷ್ಯವೆಂದು ಎಣಿಸುವುದು ಒಂದೇ ಸಾಕ್ಷಿಯನ್ನು ಎರಡು ಸಲ ಕರೆದಂತೆ.

ಫ್ರಾನ್ಸಿನ ಭೂಸಂಖ್ಯಾಶಾಸ್ತ್ರದ ಪರಂಪರೆಯಲ್ಲಿ ಬೆಳೆದ ಹಾಸ್ ಮತ್ತು ಡುಬ್ರೂಲ್ 1994ರಲ್ಲಿ ಒಂದು ಹೊಸ ದಾರಿ ತೋರಿಸಿದರು. ಒಂದೇ ಉತ್ತರ ಹುಡುಕುವ ಬದಲು, ಬಾವಿಗಳಿಗೂ ಅಲೆಗೂ ಒಪ್ಪುವ ನೂರಾರು ಸಂಭವನೀಯ ನಿಕ್ಷೇಪಗಳನ್ನು ಸೃಷ್ಟಿಸಿ, ಅವು ಎಲ್ಲಿ ಒಮ್ಮತ ತೋರಿಸುತ್ತವೆ ಎಂದು ನೋಡುವುದು. 2003ರಲ್ಲಿ ನಾರ್ವೆಯ ಬುಲಾಂಡ್ ಮತ್ತು ಓಮ್ರೆ, ಪೂರ್ವಜ್ಞಾನವನ್ನು ದತ್ತಾಂಶದೊಂದಿಗೆ ಬೆರೆಸುವ ಬೇಯ್ಸ್ ಸೂತ್ರವನ್ನು ಬಳಸಿ, ಪಿ-ವೇಗ, ಎಸ್-ವೇಗ, ಸಾಂದ್ರತೆಗಳನ್ನು ಅವುಗಳ ಅನಿಶ್ಚಿತತೆಯ ಸಮೇತ ಒಂದೇ ಹೆಜ್ಜೆಯಲ್ಲಿ ಪಡೆಯುವ ವಿಧಾನ ಕೊಟ್ಟರು. ಪೂರ್ವಜ್ಞಾನವನ್ನು ಮುಚ್ಚಿಡದೆ ಮೇಜಿನ ಮೇಲೆ ಇಡುವುದು ಈ ಪಂಥದ ದೊಡ್ಡ ಗುಣ. ಪೂರ್ವಜ್ಞಾನ ಬದಲಿಸಿದರೆ ಉತ್ತರವೂ ಬದಲಾಗುತ್ತದೆ, ಹಾಗಾದರೆ ಇದು ವ್ಯಕ್ತಿನಿಷ್ಠವಲ್ಲವೇ ಎಂಬ ಆಕ್ಷೇಪ ಇದೆ. ಆಕ್ಷೇಪ ನಿಜ, ಆದರೆ ಅದು ಎಲ್ಲ ವಿಧಾನಗಳಿಗೂ ಅನ್ವಯಿಸುತ್ತದೆ. ಇಲ್ಲಿ ಪೂರ್ವಜ್ಞಾನವನ್ನು ಬದಲಿಸಿ ಪರೀಕ್ಷಿಸಬಹುದು ಎಂಬುದಷ್ಟೇ ವ್ಯತ್ಯಾಸ. ಹೆಚ್ಚು ತೂಕದ ಆಕ್ಷೇಪ ಬೇರೆ ಇದೆ. ನಾಲ್ಕೈದು ಬಾವಿಗಳಿಂದ ತೆಗೆದ ಅಂಕಿಸಂಖ್ಯೆ ಇಡೀ ಕ್ಷೇತ್ರಕ್ಕೆ ಒಪ್ಪುತ್ತದೆಂದು ಹೇಗೆ ನಂಬುವುದು? ಬಾವಿಗಳನ್ನು ಕೊರೆದದ್ದು ಒಳ್ಳೆಯ ಮರಳು ಇರುವಂತೆ ಕಂಡ ಕಡೆಯೇ ಹೊರತು ಚೀಟಿ ಎತ್ತಿ ಅಲ್ಲ. ಹಾಗೆ ಆಯ್ದ ಬಾವಿಗಳಿಂದ ಹುಟ್ಟಿದ ಪೂರ್ವಜ್ಞಾನ ಆಶಾವಾದದ ಕಡೆಗೆ ವಾಲಿರುತ್ತದೆ, ಅದರಿಂದ ಬಂದ ಅನಿಶ್ಚಿತತೆ ಇರಬೇಕಾದ್ದಕ್ಕಿಂತ ಕಿರಿದಾಗಿರುತ್ತದೆ.

ದತ್ತಾಂಶವೇ ಮಾತಾಡಲಿ ಎನ್ನುವವರು

ಮೂರನೇ ಪಂಥಕ್ಕೆ ಭೌತಸೂತ್ರಗಳ ಹಂಗೇ ಬೇಡ. ಅಲೆಯಿಂದ ಹತ್ತಾರು ಲಕ್ಷಣಗಳನ್ನು ತೆಗೆದು, ಬಾವಿಯಲ್ಲಿ ಅಳೆದ ರಂಧ್ರತೆಯ ಜೊತೆ ಅವು ಹೇಗೆ ಹೊಂದುತ್ತವೆಂದು ಕಂಪ್ಯೂಟರಿಗೆ ಕಲಿಸಿದರೆ ಸಾಕು. 2001ರಲ್ಲಿ ಹ್ಯಾಂಪ್ಸನ್, ಶುಲ್ಕ್ ಮತ್ತು ಕ್ವಿರೈನ್ ನರಜಾಲಗಳನ್ನೂ ಸೇರಿಸಿ ಇದಕ್ಕೆ ಕೊಟ್ಟ ರೂಪ ಉದ್ಯಮದಲ್ಲಿ ವ್ಯಾಪಕವಾಗಿ ಬಳಕೆಯಾಯಿತು. ಇಂದಿನ ಯಂತ್ರಕಲಿಕೆ ಅದರ ಮುಂದುವರಿಕೆ.

ಇದರ ಅಪಾಯವನ್ನು ಸಿಂಥಿಯಾ ಕಾಲ್ಕೋಮಿ 1997ರಲ್ಲೇ ಲೆಕ್ಕ ಹಾಕಿ ಎಚ್ಚರಿಸಿದ್ದರು. ಅವರ ತರ್ಕವನ್ನು ಹಿಡಿದು ಒಂದು ಉದಾಹರಣೆ ನೋಡಬಹುದು. ಐದು ಬಾವಿಗಳಿವೆ ಎನ್ನೋಣ. ರಂಧ್ರತೆಗೆ ಯಾವ ಸಂಬಂಧವೂ ಇಲ್ಲದ ಒಂದು ಲಕ್ಷಣ ಬರೀ ಆಕಸ್ಮಿಕವಾಗಿ, ಧನವೋ ಋಣವೋ, 0.8ಕ್ಕಿಂತ ಹೆಚ್ಚಿನ ಸಹಸಂಬಂಧ ತೋರುವ ಸಂಭವ ಸುಮಾರು ಶೇ 10. ಅಂಥ ಹತ್ತು ಸ್ವತಂತ್ರ ಲಕ್ಷಣಗಳನ್ನು ಪರೀಕ್ಷಿಸಿದರೆ, ಒಂದಾದರೂ ಹಾಗೆ ಮೋಸ ಮಾಡುವ ಸಂಭವ ಶೇ 67ರ ಹತ್ತಿರಕ್ಕೆ ಏರುತ್ತದೆ. ಹುಡುಕಿದಷ್ಟೂ ಸುಳ್ಳು ಸಂಬಂಧಗಳು ಸಿಗುತ್ತವೆ. ಪರೀಕ್ಷೆಗೆಂದು ಒಂದು ಬಾವಿಯನ್ನು ಬದಿಗಿಟ್ಟರೆ ಈ ಅಪಾಯ ತಪ್ಪುತ್ತದೆ ಎಂಬುದು ಪಂಥದ ಉತ್ತರ. ಭಾಗಶಃ ತಪ್ಪುತ್ತದೆ. ಆದರೆ ಬದಿಗಿಟ್ಟ ಬಾವಿ ಉಳಿದವುಗಳಿಗೆ ಹತ್ತಿರವೇ ಇದ್ದರೆ, ಅದೇ ಮರಳಿನ ಪದರವನ್ನೇ ಕೊರೆದಿದ್ದರೆ, ಪರೀಕ್ಷೆ ಸುಲಭವಾಗಿಬಿಡುತ್ತದೆ. ಬಾವಿಗಳ ಕೊರತೆಯನ್ನು ತುಂಬಲು ಈಗ ಭೌತಸೂತ್ರಗಳಿಂದ ಕೃತಕ ದತ್ತಾಂಶ ತಯಾರಿಸಿ ಯಂತ್ರಕ್ಕೆ ಉಣಿಸುತ್ತಾರೆ. ಇದು ಒಳ್ಳೆಯ ಬೆಳವಣಿಗೆಯೇ. ಆದರೆ ಆಗ ಯಂತ್ರ ಕಲಿಯುವುದು ಆ ಸೂತ್ರಗಳನ್ನೇ. ಮೊದಲ ಪಂಥ ಎದುರಿಸಿದ ಪ್ರಶ್ನೆ, ಅಂದರೆ ಅಂಟಿದ ಮರಳೋ ಸಡಿಲ ಮರಳೋ ಎಂಬುದು, ಇಲ್ಲಿ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಯಂತ್ರಕಲಿಕೆಗೆ ನಿಜವಾದ ಬಲವಿರುವುದು ನೂರಾರು ಬಾವಿಗಳಿರುವ ಹಳೆಯ ಕ್ಷೇತ್ರಗಳಲ್ಲಿ. ಎರಡೇ ಬಾವಿಯಿರುವ ಹೊಸ ಕ್ಷೇತ್ರದಲ್ಲಿ ಅದಕ್ಕೆ ಕಲಿಯಲು ಏನಿದೆ?

ಕೊರೆದು ನೋಡಿದಾಗ

ಇಷ್ಟೆಲ್ಲ ಮಿತಿಗಳನ್ನು ಕೇಳಿದವರು ಈ ಕೆಲಸವೇ ವ್ಯರ್ಥ ಎನ್ನಬಹುದು. ಉತ್ತರ ಸಮುದ್ರದ ಆಲ್ಬಾ ಕ್ಷೇತ್ರ ಅದಕ್ಕೆ ಒಳ್ಳೆಯ ಉತ್ತರ. ಅಲ್ಲಿನ ಎಣ್ಣೆ ತುಂಬಿದ ಮರಳಿಗೂ ಸುತ್ತಲಿನ ಶೇಲ್ (ಜೇಡಿಗಲ್ಲು) ಪದರಕ್ಕೂ ಪಿ-ಅಲೆಯ ಇಂಪೀಡೆನ್ಸ್ ಹೆಚ್ಚುಕಡಿಮೆ ಒಂದೇ ಇದ್ದುದರಿಂದ ಸಾಮಾನ್ಯ ಸರ್ವೆಯಲ್ಲಿ ಮರಳಿನ ಅಂಚು ಮಸುಕಾಗಿತ್ತು. 1998ರಲ್ಲಿ ಸಮುದ್ರತಳದಲ್ಲಿ ಕೇಬಲ್ ಹಾಸಿ, ಕೆಳಗೆ ಪಿ-ಅಲೆಯಾಗಿ ಹೋಗಿ ಎಸ್-ಅಲೆಯಾಗಿ ಮರಳುವ ಕಂಪನವನ್ನು ದಾಖಲಿಸಿದಾಗ ಮರಳಿನ ದೇಹ ಸ್ಪಷ್ಟವಾಗಿ ಕಂಡಿತು. ಹೊಸ ಲೆಕ್ಕವಿಧಾನದಿಂದ ಆಗದ್ದು ಹೊಸ ಅಳತೆಯಿಂದ ಆಯಿತು ಎಂಬುದನ್ನು ಗಮನಿಸಬೇಕು.

ಅದೇ ಸಮುದ್ರದ ಸ್ಲೈಪ್ನರ್ ಕ್ಷೇತ್ರದ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಅಲ್ಲಿ 1996ರಿಂದ ಉತ್ಸಿರಾ ಮರಳುಗಲ್ಲಿನೊಳಗೆ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಒಳಹಾಕಲಾಯಿತು. ಅದಕ್ಕೆ ಮೊದಲು, 1994ರಲ್ಲಿ ಮಾಡಿದ ಸರ್ವೆಯಲ್ಲಿ ಆ ಮರಳು ಹೆಚ್ಚುಕಡಿಮೆ ಏಕರೂಪವಾಗಿ ಕಂಡಿತ್ತು. 1999ರ ಮತ್ತು ನಂತರದ ಸರ್ವೆಗಳಲ್ಲಿ ಅನಿಲ ಒಂಬತ್ತು ಪದರಗಳಾಗಿ ನಿಂತದ್ದು ಹೊಳೆಯಿತು. ಅದನ್ನು ಹಾಗೆ ತಡೆದು ನಿಲ್ಲಿಸಿದ್ದು ಸುಮಾರು ಒಂದೊಂದು ಮೀಟರ್ ದಪ್ಪದ ಶೇಲ್ ಹಾಳೆಗಳು. ಬಾವಿಯ ದಾಖಲೆಗಳಲ್ಲಿ ಅವು ಇದ್ದವು, ಅಲೆಗೆ ಕಾಣುವಷ್ಟು ದಪ್ಪವಿರಲಿಲ್ಲ. ಹರಿವನ್ನು ಆಳಿದ್ದು ಅವೇ. ಕಾಲಾಂತರದಲ್ಲಿ ಮತ್ತೆ ಮತ್ತೆ ಮಾಡುವ ಸರ್ವೆ ಬದಲಾವಣೆಯನ್ನು ಅದ್ಭುತವಾಗಿ ಹಿಡಿಯಬಲ್ಲದು ಎಂಬುದಕ್ಕೂ, ಒಮ್ಮೆ ಮಾಡಿದ ಸರ್ವೆ ಮುಖ್ಯವಾದದ್ದನ್ನೇ ಬಿಟ್ಟಿರಬಹುದು ಎಂಬುದಕ್ಕೂ ಇದೇ ಸಾಕ್ಷಿ.

ನಮ್ಮ ದೇಶದಲ್ಲಿ ಕೃಷ್ಣಾ-ಗೋದಾವರಿ ಕೊಳ್ಳದ ಡಿ-6 ಬ್ಲಾಕ್ ಇದೇ ಪ್ರಶ್ನೆಯನ್ನು ಮಧ್ಯಸ್ಥಿಕೆ ನ್ಯಾಯಮಂಡಳಿಯವರೆಗೆ ಒಯ್ದಿತು. ಆಳನೀರಿನ ಕಾಲುವೆಗಳು ಹರಡಿದ ಮರಳಿನಲ್ಲಿ 2002ರಲ್ಲಿ ಅನಿಲ ಸಿಕ್ಕಿತು, 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರುವಾಯಿತು. ದಿನಕ್ಕೆ 8 ಕೋಟಿ ಘನ ಮೀಟರ್ ಎಂದು ಯೋಜಿಸಿದ್ದ ಉತ್ಪಾದನೆ 2010ರಲ್ಲಿ ಸುಮಾರು 6 ಕೋಟಿ ಮುಟ್ಟಿ ನಂತರ ಬೇಗ ಕುಸಿಯಿತು. ನಿಕ್ಷೇಪದ ರಚನೆ ಅಂದುಕೊಂಡದ್ದಕ್ಕಿಂತ ಜಟಿಲ ಎಂಬುದು ಗುತ್ತಿಗೆದಾರರ ವಾದ, ಒಪ್ಪಿದಷ್ಟು ಬಾವಿ ಕೊರೆಯಲಿಲ್ಲ ಎಂಬುದು ಸರ್ಕಾರದ ವಾದ. ಯಾರದು ಸರಿ ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಆದರೆ ಅನಿಲ ತುಂಬಿದ ಮರಳು ಅಲ್ಲಿದೆ ಎಂಬುದು ಒಂದು ಮಾತು, ಆ ಮರಳಿನ ತುಣುಕುಗಳು ಒಂದಕ್ಕೊಂದು ಕೂಡಿಕೊಂಡು ಒಂದು ಬಾವಿಗೆ ಹರಿದು ಬರುತ್ತವೆ ಎಂಬುದು ಇನ್ನೊಂದು ಮಾತು. ಸೀಸ್ಮಿಕ್ ದತ್ತಾಂಶ ಮೊದಲನೆಯದಕ್ಕೆ ಕೊಡುವ ಭರವಸೆಯನ್ನು ಎರಡನೆಯದಕ್ಕೆ ಕೊಡಲಾರದು.

ಇನ್ನೂ ತೀರ್ಮಾನವಾಗದವು

ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವ ಪ್ರಶ್ನೆ ಪಾರಗಮ್ಯತೆಯದು, ಅಂದರೆ ದ್ರವವನ್ನು ಹರಿಯಗೊಡುವ ಗುಣದ್ದು. ಕಣದ ಗಾತ್ರ ಹತ್ತು ಪಟ್ಟು ಕಿರಿದಾದರೆ ಅದೇ ರಂಧ್ರತೆಯಲ್ಲೂ ದ್ರವ ಹರಿಯುವ ಗುಣ ಸುಮಾರು ನೂರು ಪಟ್ಟು ಇಳಿಯುತ್ತದೆ. ಅಲೆಯ ವೇಗ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಅಲೆ ಸಾಗುವಾಗ ಶಕ್ತಿ ಕಳೆದುಕೊಳ್ಳುವ ರೀತಿಯಲ್ಲಿ ಪಾರಗಮ್ಯತೆಯ ಸುಳಿವಿರಬಹುದೆಂದು ಸಿದ್ಧಾಂತ ಹೇಳುತ್ತದೆ. ಚದುರುವಿಕೆ ಮತ್ತು ತೆಳು ಪದರಗಳೂ ಅದೇ ಬಗೆಯ ನಷ್ಟ ತರುವುದರಿಂದ ಅದನ್ನು ಕ್ಷೇತ್ರದಲ್ಲಿ ನಂಬುವಂತೆ ಬಿಡಿಸಲು ಇನ್ನೂ ಆಗಿಲ್ಲ. ಪ್ರಯೋಗಾಲಯದಲ್ಲಿ ಲಕ್ಷಗಟ್ಟಲೆ ಹರ್ಟ್ಸ್‌ನಲ್ಲಿ ಅಳೆದದ್ದನ್ನು ಕೆಲವೇ ಹತ್ತು ಹರ್ಟ್ಸ್‌ನ ಅಲೆಗೆ ಅನ್ವಯಿಸುವುದು ಎಷ್ಟು ಸರಿ ಎಂಬ ಹಳೆಯ ಅನುಮಾನವೂ ಇದಕ್ಕೆ ಅಂಟಿಕೊಂಡಿದೆ. ಅನಿಲ ಸ್ವಲ್ಪವೋ ಹೆಚ್ಚೋ ಎಂಬ ಡೊಮೆನಿಕೊ ಅವರ ಕಾಲದ ಪ್ರಶ್ನೆಗೆ ಸಾಂದ್ರತೆಯ ಮೂಲಕ, ವಿದ್ಯುತ್ಕಾಂತೀಯ ಸರ್ವೆಯ ಮೂಲಕ ಪ್ರಯತ್ನಗಳು ನಡೆದಿವೆ. ಕೆಲವು ಕಡೆ ಫಲಿಸಿವೆ, ಎಲ್ಲ ಕಡೆಗೂ ಸಲ್ಲುವ ದಾರಿ ಇಲ್ಲ. ಕೆಳತುದಿಯ ಕಂಪನಗಳನ್ನು ಹೊಸ ಉಪಕರಣಗಳಿಂದ ದಾಖಲಿಸಿ, ಅಲೆಯ ಪೂರ್ಣ ರೂಪವನ್ನೇ ಹೊಂದಿಸುವ ವಿಧಾನದಿಂದ ಬಾವಿಯ ಸಾಲವಿಲ್ಲದೆ ಇಂಪೀಡೆನ್ಸಿನ ಮಟ್ಟ ತಿಳಿಯಬಹುದೇ ಎಂಬುದು ಈಗ ಪರೀಕ್ಷೆಯಲ್ಲಿದೆ.

ಮತ್ತೊಂದು ಪ್ರಶ್ನೆಗೆ ವಿಜ್ಞಾನದಷ್ಟೇ ವ್ಯವಹಾರವೂ ಅಡ್ಡ ನಿಂತಿದೆ. ಶೇ 70 ಸಂಭವ ಎಂದು ಹೇಳಿದ ಹತ್ತು ಕಡೆಗಳಲ್ಲಿ ನಿಜವಾಗಿ ಏಳು ಕಡೆ ಎಣ್ಣೆ ಸಿಕ್ಕಿತೇ ಎಂದು ಎಣಿಸಿ ನೋಡದೆ ಯಾವ ಪಂಥದ ಸಂಭವನೀಯತೆಯನ್ನೂ ಒರೆಗೆ ಹಚ್ಚಲಾಗದು. ಅಂಥ ಲೆಕ್ಕ ಕಂಪನಿಗಳ ಕಡತಗಳಲ್ಲಿದೆ, ಹೊರಬರುವುದು ಗೆದ್ದ ಕಥೆಗಳೇ ಹೆಚ್ಚು. 2008ರಿಂದ 2016ರವರೆಗೆ ಉತ್ಪಾದಿಸಿದ ನಾರ್ವೆಯ ವೋಲ್ವೆ ಎಂಬ ಮರಳುಗಲ್ಲಿನ ಕ್ಷೇತ್ರದ ಸುಮಾರು 40,000 ಕಡತಗಳನ್ನು ಇಕ್ವಿನೋರ್ ಕಂಪನಿ 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಸಂಶೋಧಕರಿಗೂ ವಿದ್ಯಾರ್ಥಿಗಳಿಗೂ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಒಂದು ಕ್ಷೇತ್ರದಿಂದ ವಿಧಾನಗಳನ್ನು ಅಭ್ಯಾಸ ಮಾಡಬಹುದು, ಅವುಗಳ ಭವಿಷ್ಯವಾಣಿ ಎಷ್ಟು ಸಲ ನಿಜವಾಯಿತೆಂದು ಅಳೆಯಲಾಗದು. ಅದಕ್ಕೆ ಬೇಕಾದದ್ದು ಹತ್ತಾರು ಕ್ಷೇತ್ರಗಳ ದಾಖಲೆ: ಬಾವಿ ಕೊರೆಯುವ ಮೊದಲು ಬರೆದಿಟ್ಟ ಊಹೆ, ಕೊರೆದ ಮೇಲೆ ಸಿಕ್ಕ ಅಳತೆ, ಒಣಬಾವಿಗಳನ್ನೂ ಸೇರಿಸಿ.